ಬಳೆಯ ಚಾಕು

ಮಾಲವ್ವ ಸಾಣೆಕಲ್ಲಿಗೆ ನೀರು ಚಿಮುಕಿಸಿ ಚಾಕುವಿನ ಅಲಗನ್ನು ತೀಡುತ್ತಿದ್ದಳು. ಹಳಿಯಾಳದ ಸಂತೆ ಆಗತಾನೆ ಕೂಡುತ್ತಿತ್ತು. ಪಕ್ಕದಲ್ಲಿ ಮಗಳು ರಾಜಶ್ರೀ ಮಡಚುವ ಚಾಕುಗಳ ಕೀಲಿಗೆ ಒಂದೊಂದೇ ಹನಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ಅವಳ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಗಂಡ ಉದಯಕುಮಾರ ಬೆಂಡೋಲೆ ಹಿಡಿದು ಜಗ್ಗಿದ್ದ. ಬೆನ್ನ ತುಂಬ ಜೀಪಿನ ಫ್ಯಾನ್ ಬೆಲ್ಟಿನ ಬಾಸುಂಡೆ. ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ಹೊಳೆದಂಡೆಗೆ ಒಯ್ಯುವ ಜೀಪು ಅವನದು. ಅವರೆದುರು ನಗುನಗುತ್ತ ಮಾತಾಡುವವನು ಮನೆಗೆ ಬಂದರೆ ಕೈ ಮುಂದು.

ತವರಿಗೆ ಓಡಿಬಂದ ದಿನವೇ ರಾಜಶ್ರೀ ಕಾರವಾರದ ಪೊಲೀಸ್ ಸಾಹೇಬರಿಗೆ ಎಲ್ಲವನ್ನೂ ಬರೆದು ಲಕೋಟೆ ಅಂಟಿಸಿದ್ದಳು. ಮಾಲವ್ವ ಅದನ್ನು ಇಸಕೊಂಡು ಚಾಕುಚೀಲದ ತಳಕ್ಕೆ ಹಾಕಿದ್ದಳು. "ತಡಿ ಮಗಳ, ಅಂವಗೂ ಬುದ್ಧಿ ಬರ್ತೈತಿ." ಸಂತೆಯ ಮೇಲೆ ಸಂತೆ ಕಳೆದವು. ಲಕೋಟೆ ಚಾಕುಗಳ ಕೆಳಗೇ ಉಳಿದಿತ್ತು.

ಬಾಜೂ ಅಂಗಡಿಯ ಹಗ್ಗದ ಲಗಮಪ್ಪ ಎದ್ದು ಬಂದ.

"ಅಕ್ಕಾ, ನನ್ನ ಕಿಸೇಕ್ಕೂ ಒಂದು ಚಾಕು ಬೇಕು. ಯಾವುದು ಛಲೋ?"

"ಇಷ್ಟು ದಿನ ಹಗ್ಗ ಹಲ್ಲಿಲೆ ಕಡೀತಿದ್ದಿ ಏನು?"

"ಹಲ್ಲು ತೀರಿದ್ವು. ಅದಕ್ಕ ನಿನ್ನ ಹಂತ್ಯಾಕ ಬಂದೆ."

ಮಾಲವ್ವ ಮೂರು ಚಾಕು ತೆಗೆದು ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟಳು. "ಇದರ ಅಲಗಿಗೆ ಬಾಲ ಐತಿ ನೋಡು. ಹೆಬ್ಬಟ್ಟಿಲೆ ಒತ್ತಿ ಹಿಡದ್ರ ನಿಂದರತೈತಿ, ಬಿಟ್ರ ಜೋತಾಡತೈತಿ. ಪೇರಲ ಹೆಚ್ಚಾಕ ಸಾಕು. ಈ ಹಿತ್ತಾಳಿ ಹಿಡಿಕೀದು ನೋಡಾಕ ಮದುಮಗ. ಒಳಗ ಬರೇ ಸ್ಪ್ರಿಂಗು. ಎಳದು ಕೊಯ್ದ್ರ ಬೆಣ್ಣಿ ಕೊಯ್ದಂಗ, ತುದಿ ಮುಂದ ಮಾಡಿ ಒತ್ತಿದ್ರ ಹೊಳ್ಳಿ ಮಡಚಿ ನಿನ್ನ ಬೆರಳಿಗೇ ಬರ್ತೈತಿ."

"ಮತ್ತ ಈ ಬೋಳು ಕಟಗೀದು?"

"ಅದು ನಮ್ಮ ಮನಿಯವ್ರು ಕುಲುಮ್ಯಾಗ ಬಡದದ್ದು. ಅಲಗು ತಗದು ಹಿಡಿಕಿ ಕೊರಳಾಗಿನ ಈ ಕಬ್ಬಿಣದ ಬಳಿ ತಿರುವು. ಮತ್ತ ನೀ ಮಡಚೂ ತನಕ ಅದು ಮಡಚೂದಿಲ್ಲ."

ತೀರಿಕೊಂಡ ಗಂಡನ ಕೈಯ ಚಾಕು ಇನ್ನು ಕೆಲವೇ ಉಳಿದಿದ್ದವು. ಲಗಮಪ್ಪ ಅವುಗಳಲ್ಲೊಂದನ್ನು ಕಿಸೆಗೆ ಹಾಕಿಕೊಂಡು ತನ್ನ ಹಗ್ಗದ ರಾಶಿಗೆ ಮರಳಿದ. ಮಾಲವ್ವ ಗೋಣಿತಟ್ಟಿನ ಮೇಲೆ ಅಂಥದೇ ಇನ್ನೊಂದು ಬಳೆಯ ಚಾಕು ಇಟ್ಟಳು.

ಲಗಮಪ್ಪ ನಿಂತಿದ್ದ ಜಾಗದಲ್ಲಿ ಉದಯಕುಮಾರ ಬಂದು ನಿಂತ. ಹೊತ್ತು ಏರುವ ಮೊದಲೇ ಬಾಯಿ ಸೆರೆಯ ವಾಸನೆ ಹೊಡೆಯುತ್ತಿತ್ತು. ರಾಜಶ್ರೀಯ ಕೈಯಿಂದ ಎಣ್ಣೆಯ ಬಾಟಲಿ ಜಾರಿತು.

"ಏನ್ ಅತ್ತಿ, ನನ್ನ ಹೆಂಡ್ತಿನ್ನ ಸಂತ್ಯಾಗ ಮಾರಾಕ ಕುಂದರಿಸೀದಿ? ಇರಲಿ, ಮೊದಲ ನನಗೊಂದು ಚಾಕು ಕೊಡು. ಗಟ್ಟೀದು ಯಾವುದು?"

ಯಾತಕ್ಕೆ ಎಂದು ಮಾಲವ್ವನಿಗೆ ಗೊತ್ತಾಯಿತು. ಆದರೆ ಗಿರಾಕಿ ಕೇಳಿದ್ದಕ್ಕೆ ಇದ್ದದ್ದು ಇದ್ದಂತೆ ಹೇಳಿ ಹೇಳಿ ಪಳಗಿದ ನಾಲಿಗೆ, ತಡೆಯುವಷ್ಟರಲ್ಲಿ ಆಡಿಬಿಟ್ಟಿತ್ತು. "ಗಟ್ಟೀದಂದ್ರ ಆ ಬಳಿದು, ಅಳಿಯಂದ್ರ."

ಉದಯಕುಮಾರ ನಕ್ಕ. "ನೀ ತೋರಿಸಿದ್ದಂದ್ರ ಮೊಂಡಿರಬೇಕು. ಹೊಳಿಯೂದನ್ನ ಬಿಟ್ಟು ಬೋಳು ಕಟಗೀದು ತೋರಸ್ತಿ, ನನಗ ತಿಳಿಯೂದಿಲ್ಲ ಅಂದಿ?" ಹಿತ್ತಾಳೆಯದನ್ನು ಎತ್ತಿ ಟಕ್ಕನೆ ಬಿಚ್ಚಿದ.

ಇನ್ನೊಂದು ಕೈ ಆಗಲೇ ರಾಜಶ್ರೀಯ ಜಡೆ ಹಿಡಿದಿತ್ತು. ಗೋಣಿತಟ್ಟಿನ ಮೇಲಿನಿಂದ ದರದರ ಎಳೆದ. ಚಾಕುಗಳು ಚೆಲ್ಲಾಪಿಲ್ಲಿಯಾದವು. "ನಡಿ ಮನೀಗೆ. ಇಲ್ಲಂದ್ರ ಇಲ್ಲೇ ಮಲಗಸ್ತೇನಿ." ಅವಳು ಅವನ ಮುಂಗೈ ಕಚ್ಚಿದಳು. ಅವನು ಮೊಣಕಾಲಿನಿಂದ ಅವಳ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಬುಳುಬುಳು ಇಳಿಯಿತು. ಮೊದಲ ಬೀಸಿಗೆ ಅವಳ ತೋಳು ಮೊಣಕೈವರೆಗೆ ತೆರೆದುಕೊಂಡಿತು. ಸಂತೆಯ ಜನ ಹಿಂದೆ ಸರಿದು ಗುಂಡಗೆ ನಿಂತರೇ ಹೊರತು ಯಾರೂ ಮುಂದೆ ಬರಲಿಲ್ಲ.

ಎರಡನೆಯದನ್ನು ಅವನು ಬೀಸಲಿಲ್ಲ. ಹೊಟ್ಟೆಗೆ ಗುರಿಯಿಟ್ಟು ತಿವಿದ. ಮಾಲವ್ವ ಸಾಣೆಕಲ್ಲು ಹಿಡಿದೇ ಮಗಳ ಮೇಲೆ ಬಿದ್ದಳು. ಚಾಕುವಿನ ತುದಿ ಕಲ್ಲಿಗೆ ಬಡಿದು ಜಾರಿತು, ಅಲಗು ಹಿಂದಕ್ಕೆ ಮಡಚಿತು. ಅವನ ಇಡೀ ಮೈಭಾರ ಅದರ ಹಿಂದೆ ಇತ್ತು. ಮಾಲವ್ವ ಬೆಳಿಗ್ಗೆ ತೀಡಿದ ಅಲಗು ಅವನ ನಾಲ್ಕೂ ಬೆರಳಿನ ಎಲುಬಿಗೆ ಹೋಗಿ ನಿಂತಿತು.

ಅವನು ಕೋಣದಂತೆ ಒರಲಿದ. ಒರಲುತ್ತಲೇ ರಾಜಶ್ರೀಯ ಪಕ್ಕೆಗೆ ಒದ್ದ. ಮಾಲವ್ವ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಅವನ ಮೊಣಕಾಲ ಚಿಪ್ಪಿಗೆ ಹಾಕಿದಳು. ಎಲುಬು ಮುರಿದ ಸಪ್ಪಳ ಹಗ್ಗದ ಅಂಗಡಿವರೆಗೂ ಕೇಳಿತು. ಆಗ ಲಗಮಪ್ಪ ಬಂದು ಅವನ ಬೆನ್ನ ಮೇಲೆ ಕುಳಿತ, ತಾನು ಮಾರುವ ಹಗ್ಗದಿಂದಲೇ ಅವನ ಕಾಲು ಬಿಗಿದ, ಉಳಿದದ್ದನ್ನು ಹೊಸ ಚಾಕುವಿನಿಂದ ಕತ್ತರಿಸಿದ.

ಸರಕಾರಿ ದವಾಖಾನೆಯಲ್ಲಿ ರಾಜಶ್ರೀಯ ತೋಳಿಗೆ ಹೊಲಿಗೆ ಬಿದ್ದವು. ಇನ್ನೊಂದು ವಾರ್ಡಿನಲ್ಲಿ ಉದಯಕುಮಾರನ ಕೈ ಬಟ್ಟೆಯ ಗಂಟಾಗಿತ್ತು. ಅವನ ತಾಯಿ ಸಿದ್ದಕ್ಕ ಬಾಗಿಲಲ್ಲೇ ಮಾಲವ್ವನನ್ನು ಹಿಡಿದಳು. "ಬೀಗತಿ, ಸಂತ್ಯಾಗ ಗಂಡ ಹೆಂಡತಿ ಜಗಳಾಡ್ಯಾರ, ಅಷ್ಟ. ನಿನ್ನ ಮಗಳಿಗೂ ಆತು, ನನ್ನ ಮಗಗೂ ಆತು. ದೊಡ್ಡದು ಮಾಡಬ್ಯಾಡ. ಒಂದು ಮಾತು ಅಂವನ್ನ ಮಾತಾಡಿಸು."

ಮಾಲವ್ವ ಒಳಗೆ ಹೋದಳು. ಆ ಗಳಿಗೆಯಲ್ಲೂ ಅವಳ ಮನಸ್ಸು ತಡಿ ಎನ್ನುತ್ತಿತ್ತು. ಬೆರಳು ಕೊಯ್ದುಕೊಂಡವನು ಈಗಲಾದರೂ ತಪ್ಪಾಯಿತು ಅಂದಾನು.

ಉದಯಕುಮಾರ ಅವಳನ್ನು ನೋಡಿದ. ಸಿಟ್ಟಿರಲಿಲ್ಲ, ಗಿರಾಕಿಯ ಹಾಗೆ ವಿಚಾರದಲ್ಲಿದ್ದ.

"ಅತ್ತಿ, ನೀ ಖರೇನ ಹೇಳಿದ್ದಿ. ಆ ಬಳಿದು ತಗೋಬೇಕಾಗಿತ್ತು."

ಮಾಲವ್ವ ಹೊರಗೆ ಬಂದು, ಲಗಮಪ್ಪ ಸಂತೆಯಿಂದ ಹೊತ್ತು ತಂದಿದ್ದ ಚಾಕುಚೀಲವನ್ನು ದವಾಖಾನೆಯ ಕಟ್ಟೆಯ ಮೇಲೆ ಸುರುವಿದಳು, ತಳದಿಂದ ಲಕೋಟೆ ಎತ್ತಿಕೊಂಡಳು, ಚಾಕುಗಳನ್ನು ಲಗಮಪ್ಪನ ಕಾವಲಿಗೆ ಬಿಟ್ಟು ಪೋಸ್ಟ್ ಆಫೀಸಿಗೆ ನಡೆದಳು. ಸೀರೆಯ ಮೇಲೆ ಮಗಳ ರಕ್ತ ಒಣಗಿ ಬಿರುಸಾಗಿತ್ತು. ಸಾಲಿನಲ್ಲಿ ನಿಂತವರು ತಾವಾಗಿಯೇ ದಾರಿ ಬಿಟ್ಟರು.

"ರಜಿಸ್ಟರ್ ಮಾಡ್ರಿ. ಕಾರವಾರಕ್ಕ."

ಗುಮಾಸ್ತ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದ. "ಎಣ್ಣಿ ಕುಡದೈತಲ್ಲಬೇ ಇದು."

"ಭಾಳ ದಿನ ಚಾಕುದ ಕೆಳಗಿತ್ರಿ. ವಿಳಾಸ ಕಾಣ್ತೈತೋ ಇಲ್ಲೋ?"

"ಕಾಣ್ತೈತಿ."

"ಹಂಗಾದ್ರ ಒತ್ರಿ."

ಅವನು ಮುದ್ರೆ ಎತ್ತಿ ಒತ್ತಿದ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ.