ಮೀನಿನ ನಡುವೆ ಕಡಲ ಕೆಸರು

ಆಗಸ್ಟಿನ ಸೆಖೆಯಲ್ಲಿ ಅಲೆಕ್ಸಾಂಡ್ರಿಯಾದ ಪ್ರಯೋಗಾಲಯದ ತಣ್ಣನೆಯ ಕೋಣೆ ಕೆಟ್ಟು ಕೂತಾಗ, ಅಲ್ಲಿ ಕೆಲಸ ಮಾಡುವ ಅವಾತಿಫ್‌ಗೆ ನೆನಪಾದವನು ನಾನು. ನೈಲ್ ಕಡಲು ಸೇರುವ ರಶೀದ್ ಊರಿನ ಮೀನುಪೇಟೆಯಲ್ಲಿ ನನ್ನದೊಂದು ಕೋಲ್ಡ್ ಸ್ಟೋರೇಜ್ ಇದೆ. ಅವಳ ಅಪ್ಪ ಶಹಾತ ನನ್ನ ಬಾಲ್ಯದ ಗೆಳೆಯ.

"ಬರಕಾತ್ ಚಿಕ್ಕಪ್ಪ, ಸ್ವಲ್ಪ ದಿನ ಜಾಗ ಕೊಡ್ತೀರಾ?" ಎಂದಳು ಫೋನಿನಲ್ಲಿ.

"ಏನಿಡ್ಬೇಕಮ್ಮ?"

"ಕೆಸರು."

ಆಳ ಕಡಲಿನ ತಳಕ್ಕೆ ಕೊಳವೆ ಚುಚ್ಚಿ ತೆಗೆದ ಕೆಸರು. ಹಡಗಿನಿಂದ ಇಳಿದ ಆ ಕೊಳವೆಗಳನ್ನು ಮೀನಿನ ಪೆಟ್ಟಿಗೆಗಳ ನಡುವೆ ಮಲಗಿಸಿದೆವು. ಇಷ್ಟು ದಿನ "ಕೆಸರಿಗೋಸ್ಕರ ಸಮುದ್ರಕ್ಕೆ ಹೋಗ್ಬೇಕಾ, ನಮ್ಮ ಬಾಗಿಲಲ್ಲೇ ಬೇಕಾದಷ್ಟಿದೆ" ಎಂದು ಮಗಳನ್ನು ಕಾಡುತ್ತಿದ್ದ ಶಹಾತ ಈಗ ಕುರ್ಚಿ ತಂದು ಬಾಗಿಲಲ್ಲೇ ಕಾವಲು ಕೂತ. ಕೂಲಿಯೊಬ್ಬ ಕೊಳವೆಯ ಮೇಲೆ ಪೆಟ್ಟಿಗೆ ಇಡಹೋದಾಗ ಇವನ ಕೂಗಿಗೆ ಪೇಟೆಯೇ ತಿರುಗಿ ನೋಡಿತು.

"ಹಾಜಿ, ಇದ್ಯಾವ ಜಾತಿ ಮೀನು?" ಎಂದು ಮೀನು ಮಾರುವ ಉಮ್ಮ್ ಸಬ್ರಿ ಕೆಣಕಿದಳು.

"ನಿನ್ನ ಮೀನಿಗಿಂತ ತಾಜಾ ಇದೆ, ಸುಮ್ನಿರು!"

ಪ್ರಯೋಗಾಲಯದ ಕೋಣೆ ರಿಪೇರಿಯಾದ ಮೇಲೆ ಅವಾತಿಫ್ ವ್ಯಾನು ತಂದಳು. ಕೊಳವೆಗಳ ಜೊತೆ ಶಹಾತನೂ ಹತ್ತಿದ, ಅವನ ಹೆಂಡತಿ ನಬವಿಯಾಳೂ ಹತ್ತಿದಳು, ನಾನೂ ಹತ್ತಿದೆ.

ಪ್ರಯೋಗಾಲಯದಲ್ಲಿ ಒಂದು ಕೊಳವೆಯನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ತೆರೆದಿಟ್ಟರು. ಅವಾತಿಫ್ ಕೆಳತುದಿಯ ಕಪ್ಪು ಪಟ್ಟೆ ತೋರಿಸಿದಳು. ಸಾವಿರಾರು ವರ್ಷದ ಹಿಂದೆ ದಕ್ಷಿಣದಲ್ಲಿ ಮಳೆ ಜೋರಾಗಿ ನೈಲ್ ಉಕ್ಕಿ ಬಂದ ಕಾಲದ್ದು. ಅದರ ಮೇಲೆಲ್ಲ ಕಂದು. ತೀರ ಮೇಲ್ತುದಿಯಲ್ಲಿ ಉಗುರಿನಷ್ಟು ತೆಳ್ಳಗೆ, ಮಾಸಲು ಬಣ್ಣದ ಒಂದು ಪದರ.

"ಇದು?" ಎಂದ ಶಹಾತ.

"ಅಸ್ವಾನಿನ ಅಣೆಕಟ್ಟು ಕಟ್ಟಿದ ಮೇಲಿಂದು ಅಪ್ಪ. ನದಿ ಮಣ್ಣು ಅಲ್ಲೇ ನಿಂತ್ಹೋಯ್ತಲ್ಲ."

"ಹಂಗಾದ್ರೆ ಕೊನೇ ನೆರೆ ಇದರ ಕೆಳಗೇ ಇದ್ಯಾ?"

"ಒಂದೊಂದು ವರ್ಷ ಬೇರೆ ಮಾಡಿ ಹೇಳೋಕಾಗಲ್ಲ. ಆದ್ರೆ ಹೌದು, ಇಲ್ಲೇ ಎಲ್ಲೋ."

ಶಹಾತ ಬಹಳ ಹೊತ್ತು ಬಗ್ಗಿಯೇ ಇದ್ದ. ಆ ಕೊನೆಯ ನೆರೆಯಲ್ಲಿ ನಾನೂ ಅವನೂ ಒಂದೇ ದೋಣಿಯಲ್ಲಿದ್ದೆವು. ನದಿಯ ಅಳಿವೆಯಲ್ಲಿ ನೆರೆಯ ಮಣ್ಣಿಗೆ ಕಡಲು ಕೆಂಪಾಗಿ, ಸಾರ್ಡೀನು ಮೀನು ಬಲೆ ಹರಿಯುವಷ್ಟು ಬಂದಿತ್ತು. ದಡದಲ್ಲಿ ಬುಟ್ಟಿ ಹಿಡಿದು ನಿಂತ ಹುಡುಗಿಯೊಬ್ಬಳನ್ನು ನೋಡುತ್ತ ಇವನು ಹಗ್ಗ ಕೈಬಿಟ್ಟಿದ್ದ.

"ನಬವಿಯಾ, ಬಾ ಇಲ್ಲಿ," ಎಂದು ಕರೆದ. "ನಿನ್ನನ್ನ ಮೊದಲು ನೋಡಿದ ವರ್ಷದ ನೀರು ಇಲ್ಲಿದೆ ನೋಡು."

ನಬವಿಯಾ ಕನ್ನಡಕ ಏರಿಸಿ ಇಣುಕಿದಳು. "ಇಷ್ಟು ವರ್ಷಕ್ಕೆ ಒಂದು ಬಳೆ ಕೊಡಿಸ್ಲಿಲ್ಲ, ಈಗ ಕೆಸರು ತೋರಿಸ್ತಿದ್ದೀಯಾ?" ಎಂದಳು. ಅಷ್ಟು ಹೇಳಿದವಳು ಅವನ ತೋಳು ಹಿಡಿದುಕೊಂಡು ಅಲ್ಲೇ ನಿಂತಳು.

ಅವಾತಿಫ್ ಅಂಚಿನಿಂದ ಕೆರೆದು ಬಿಸಾಡಬೇಕಿದ್ದ ಚೂರನ್ನು ಅಮ್ಮನ ಅಂಗೈಗೆ ಹಾಕಿದಳು. ನಬವಿಯಾ ಬೆರಳಲ್ಲಿ ಉಜ್ಜಿದಳು. "ಹಿಟ್ಟಿನ ಥರ ಇದೆ ಕಣೇ," ಎಂದು ನಕ್ಕಳು.

ಮರಳುವಾಗ ಕಡಲ ದಂಡೆಯಲ್ಲಿ ವ್ಯಾನು ನಿಲ್ಲಿಸಿ ಹುರಿದ ಮೀನು, ರೊಟ್ಟಿ ತಿಂದೆವು. ಶಹಾತ ತನ್ನ ತಟ್ಟೆ ಪಕ್ಕಕ್ಕಿಟ್ಟು, ಹೆಂಡತಿಯ ಮೀನಿನ ಮುಳ್ಳು ಒಂದೊಂದಾಗಿ ಬಿಡಿಸುತ್ತ ಕೂತಿದ್ದ.