ದವಡೆಗೆ ತಂತಿ

ಅವಳು ಬಾಯಿ ತೆರೆಯಲಿಲ್ಲ.

ಇಕ್ಕಳದ ತುದಿಗೆ ತಂತಿ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದ ಡಾಕ್ಟರ್ ಅಂದಾನಪ್ಪನಿಗೆ, ಪಾಪ, ನೋವಿಗೆ ಹೀಗೆ ಮಾಡುತ್ತಿದ್ದಾಳೆ ಅನ್ನಿಸಿತು. 'ಬಾಯಿ ತೆಗೀರಿ' ಎಂದ. ಇನ್ನೊಮ್ಮೆ ಎಂದ. ಕುರ್ಚಿಯಲ್ಲಿದ್ದ ಹೆಂಗಸು ಎರಡೂ ತುಟಿಗಳನ್ನು ಒಳಕ್ಕೆಳೆದುಕೊಂಡು, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಮುರಿದ ದವಡೆಯನ್ನು ಹೀಗೆ ಬಿಗಿಹಿಡಿದರೆ ಎಷ್ಟು ನೋಯುತ್ತದೆಂದು ಅವನಿಗೆ ಗೊತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ತೆರೆಯಲೊಲ್ಲಳು. ಎಲಾ ಇವಳ!

'ಹಟಮಾರಿ ಅದಾಳ್ರಿ ಡಾಕ್ಟ್ರ,' ಎಂದ ಬಾಗಿಲ ಬಳಿ ನಿಂತಿದ್ದ ವಿರೂಪಾಕ್ಷಪ್ಪ, ಅವಳ ಗಂಡನ ಅಣ್ಣ. 'ನೀವು ಕಟ್ರಿ.'

ಕಟ್ಟುವುದೆಂದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಸುತ್ತಿ ಬಾಯನ್ನೇ ಮುಚ್ಚಿಬಿಡುವುದು. ಆರು ವಾರ. ಅಷ್ಟು ದಿನವೂ ಗಂಜಿಯನ್ನು ಹಲ್ಲಿನ ಸಂದಿಯಿಂದ ಹೀರಬೇಕು. ಮಾತು ಹಲ್ಲಿನ ಹಿಂದೆಯೇ ಗುಂಯ್‌ಗುಡಬೇಕು. ಗದಗಿನಲ್ಲಿ ಮುರಿದ ದವಡೆ ಯಾವುದೇ ಇರಲಿ, ಅಂದಾನಪ್ಪನ ಕೈಗೆ ಬಂದರೆ ಗತಿ ಇದೇ. ಮುಂಬಯಿಯಲ್ಲಿ ಓದಿ ಬಂದ ಹೊಸದರಲ್ಲಿ ಅವನೂ ಒಂದೊಂದು ಬಾಯಿಗೆ ಒಂದೊಂದು ರೀತಿ ಯೋಚಿಸುತ್ತಿದ್ದ, ಪುಸ್ತಕ ತೆರೆಯುತ್ತಿದ್ದ. ಈಗ ಆ ಗೊಡವೆ ಇರಲಿಲ್ಲ. ಮುಂಡರಗಿಯವನ ಹಲ್ಲು ಉಳಿಸಬಹುದಿತ್ತು; ಮತ್ತೆ ಮತ್ತೆ ಬಸ್ಸು ಹತ್ತಿ ಯಾವನು ಬರುತ್ತಾನೆ, ಕಿತ್ತು ಕಳಿಸಿದ. ಶಿರಹಟ್ಟಿಯವಳ ಗದ್ದದ ಬಾವು ಕೊಯ್ಯಬೇಕಿತ್ತು. ಸಂತೆ ಮುಗಿಸಿ ಮನೆ ಸೇರಬೇಕೆಂದಳು, ಗುಳಿಗೆ ಕೊಟ್ಟ. 'ನಾ ಹಲ್ಲಿನ ಡಾಕ್ಟರೋ ಬಸ್ ಸ್ಟ್ಯಾಂಡಿನ ಕಂಟ್ರೋಲರೋ' ಎಂದು ಒಮ್ಮೆ ಹೆಂಡತಿಯೆದುರು ನಕ್ಕಿದ್ದ. ಅವಳು ನಗಲಿಲ್ಲ.

ಇನ್ನೊಂದು ರೂಢಿಯೂ ಬೆಳೆದುಬಿಟ್ಟಿತ್ತು. ಬಾಯಿ ಕೆಟ್ಟವರಿಗೆ ಮಾತು ಕಷ್ಟ. ಆದ್ದರಿಂದ ಎಲ್ಲವನ್ನೂ ಕರೆತಂದವರನ್ನೇ ಕೇಳುವುದು. ಎಲ್ಲಿ ನೋವು, ಯಾವಾಗ ಬಿದ್ದರು, ಏನು ಮಾಡೋಣ. ಇವತ್ತೂ ಹಾಗೇ ಆಗಿತ್ತು. 'ಟ್ರ್ಯಾಕ್ಟರಿನ್ಯಾಗಿಂದ ಬಿದ್ದಾಳ್ರಿ' ಎಂದಿದ್ದ ವಿರೂಪಾಕ್ಷಪ್ಪ. ಖರೆಯೇ ಬಿದ್ದಿದ್ದಳು, ಅದರಲ್ಲಿ ಮೋಸವಿರಲಿಲ್ಲ. 'ಕಟ್ಟೋಣೇನು?' 'ಕಟ್ರಿ.' ಅವಳ ಹೆಸರು ಸಿದ್ದಲಿಂಗವ್ವ, ಊರು ಹೊಂಬಳದ ಆಚೆ ಎಂಬುದನ್ನೂ ಅವನೇ ಹೇಳಿದ್ದ. ಹಣೆಯವರೆಗೆ ಸೆರಗು ಎಳೆದುಕೊಂಡು, ಭಾವನೆದುರು ಮಾತಾಡಬಾರದೆಂಬ ಮರ್ಯಾದೆಗೆ ಅವಳು ಸುಮ್ಮನಿದ್ದಾಳೆಂದು ಅಂದಾನಪ್ಪ ತಿಳಿದುಕೊಂಡಿದ್ದ.

'ಯಾಕವಾ, ಏನು ತ್ರಾಸು?' ಎಂದು ಈಗ ಅವಳನ್ನೇ ಕೇಳಿದ. ಕನಿಕರವೇನೂ ಇರಲಿಲ್ಲ, ಹೊರಗೆ ಬೆಂಚಿನ ತುಂಬ ಮಂದಿ ಕಾಯುತ್ತಿದ್ದರು.

ಅವಳು ಅವನ ಕೈಯ ತಂತಿಯನ್ನು ನೋಡಿದಳು. ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ. ಆಮೇಲೇ ತುಟಿ ಬಿಡಿಸಿದಳು.

'ಸೋಮಾರ ಮೀಟಿಂಗ್ ಐತ್ರಿ. ನಾ ಮಾತಾಡಬೇಕು.'

'ಯಾವ ಮೀಟಿಂಗು?'

'ಮಂಡಳ ಪಂಚಾಯ್ತೀದ್ರಿ. ನಾ ಮೆಂಬರ್ ಅದೀನಿ.'

ವಿರೂಪಾಕ್ಷಪ್ಪ ನಕ್ಕ. 'ಹೆಣ್ಮಕ್ಕಳ ಸೀಟು ಬಂತ್ರಿ, ನಾನ ನಿಲ್ಸೀನಿ. ಕೈ ಎತ್ತಾಕ ಬಾಯಿ ಯಾಕ ಬೇಕು ಹೇಳ್ರಿ?'

'ಕೈ ಎತ್ತಾಕಲ್ಲ,' ಎಂದಳು. ಒಂದೊಂದು ಮಾತಿಗೂ ಮುಖ ಕಿವುಚುತ್ತಿದ್ದಳು. 'ಸಾಲಿ ಬಯಲಿಗೆ ಇವರು ಬೇಲಿ ಹಾಕ್ಯಾರ್ರಿ. ಹುಡುಗರು ಆಡೋ ಜಾಗದಾಗ ಇವರ ಶೇಂಗಾ ಒಣಗತಾವ. ಸೋಮಾರ ಆ ಜಾಗಾ ಇವರ ಹೆಸರಿಗೆ ಮಾಡಾಕ ಹೊಂಟಾರ. ಯಾರೂ ಬಾಯಿ ಬಿಡಂಗಿಲ್ಲ. ನಾ ಬಿಡತೀನಿ.'

ಸೆರಗು ಹಣೆಯ ಮೇಲೆ ಇದ್ದಂತೆಯೇ ಇತ್ತು. ಮಾತು ಅದರ ಕೆಳಗಿನಿಂದ ಬರುತ್ತಿತ್ತು.

'ಮನಿ ಮಾತು ಇಲ್ಯಾಕವಾ?' ವಿರೂಪಾಕ್ಷಪ್ಪನ ದನಿ ಏರಲಿಲ್ಲ. ಮೆತ್ತಗಿನ ಮನುಷ್ಯ. 'ಮೊದಲ ಎಲುಬು ಕೂಡಲಿ. ಡಾಕ್ಟ್ರು ಓದಿದವರು, ಅವರು ಹೇಳಿದಂಗ ಕೇಳು.'

'ಕೇಳತೀನಿ,' ಎಂದು ಅವಳು ಅಂದಾನಪ್ಪನತ್ತ ತಿರುಗಿದಳು. 'ಕಟ್ಟಲಿಲ್ಲಂದ್ರ ಎಲುಬು ಕೂಡಂಗಿಲ್ಲೇನ್ರಿ? ಹೇಳ್ರಿ.'

ಎಕ್ಸ್‌ರೇ ಕಿಟಕಿಗೆ ಆನಿಸಿಟ್ಟಲ್ಲೇ ಇತ್ತು. ಕೂದಲೆಳೆಯಂಥ ಬಿರುಕು. ಎಲುಬು ಜರುಗಿರಲಿಲ್ಲ, ಹಲ್ಲಿನ ಸಾಲು ಸರಿಯಾಗಿ ಕೂಡುತ್ತಿತ್ತು. ಇಂಥದನ್ನು ಕಟ್ಟಿದರೂ ನಡೆಯುತ್ತದೆ. ಕಟ್ಟದೆ, ಗದ್ದಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ಗಂಜಿ ಕುಡಿಸಿ ಕಾದರೂ ನಡೆಯುತ್ತದೆ. ಎರಡೂ ಸರಿಯೇ, ಆದರೆ ಆರಿಸಬೇಕಾದವನು ನೀನು ಎನ್ನುತ್ತಿದ್ದರು ಅವನ ಗುರುಗಳು. ಅವನು ಆರಿಸಿರಲಿಲ್ಲ. ಎಕ್ಸ್‌ರೇ ನೋಡುವ ಮೊದಲೇ ತಂತಿ ಕುದಿಯುವ ನೀರಿನಲ್ಲಿತ್ತು.

ತಾನು ವಿರೂಪಾಕ್ಷಪ್ಪನಿಗೆ ಹೆದರಿ ಹೀಗೆ ಮಾಡಿದ್ದರೆ ಅದಾದರೂ ಒಂದು ಮಾತಾಗುತ್ತಿತ್ತು. ಹೆದರಿಕೆ ಇರಲಿಲ್ಲ. ದುಡ್ಡಿನ ಆಸೆ? ಅದೂ ಇರಲಿಲ್ಲ. ಏನೂ ಇರಲಿಲ್ಲ. ಥೂ, ಇದೂ ಒಂದು ಬಾಳೇ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದ ಸಿಟ್ಟು, ಹಿತವೆನ್ನಿಸಿತು. ತಂತಿಯನ್ನು ತಟ್ಟೆಗೆ ಬಿಸಾಕಿದ.

'ಕಟ್ಟದಿದ್ರೂ ಕೂಡತೈತಿ!' ತನ್ನ ದನಿ ಇಷ್ಟು ದೊಡ್ಡದಾಗಿ ಬಂದದ್ದಕ್ಕೆ ಅವನೇ ಬೆಚ್ಚಿದ. 'ಗಟ್ಟಿ ಏನೂ ಅಗೀಬಾರದು. ಅಂಬಲಿ, ಹಾಲು, ಅಷ್ಟ. ಎಲುಬು ಜರಗಿತಂದ್ರ ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಸಬೇಕಾಗತೈತಿ. ಮಾತಾಡಿದಷ್ಟೂ ನೋಯತೈತಿ, ಹೇಳೀನಿ.'

'ನೋಯ್ಲಿ ಬಿಡ್ರಿ,' ಎಂದಳು ಸಿದ್ದಲಿಂಗವ್ವ. 'ದವಡಿ ನಂದು.'

ಪಟ್ಟಿ ಸುತ್ತಲು ಸೆರಗು ಸರಿಸಬೇಕಿತ್ತು. ಅವನು ಹಿಂದೆಮುಂದೆ ನೋಡುವಷ್ಟರಲ್ಲಿ ಅವಳೇ ಸರಿಸಿದಳು, ಭಾವನೆದುರಿಗೇ. ಗದ್ದದಿಂದ ನೆತ್ತಿಯವರೆಗೆ, ಮಾತಿಗೆ ಜಾಗ ಬಿಟ್ಟು ಪಟ್ಟಿ ಸುತ್ತಿ ಮುಗಿದ ಮೇಲೂ ಅವಳು ಸೆರಗನ್ನು ಮತ್ತೆ ಎಳೆದುಕೊಳ್ಳಲಿಲ್ಲ. ವಿರೂಪಾಕ್ಷಪ್ಪ ಗೋಡೆ ನೋಡುತ್ತ ನಿಂತ. ಅಂದಾನಪ್ಪನಿಗೆ ಒಳಗೊಳಗೇ ಗೆದ್ದಂತಾಗಿತ್ತು. ಕೈ ತೊಳೆಯುತ್ತ ಸಣ್ಣಗೆ ಸಿಳ್ಳೆಯನ್ನೂ ಹಾಕಿದ.

'ಒಂದು ಮಾತ್ರಿ ಡಾಕ್ಟ್ರ.' ವಿರೂಪಾಕ್ಷಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ; ಖರೆಯೇ ತಿಳಿಯದವನ ಹಾಗೆ ಕೇಳಿದ. 'ಕಟ್ಟೋದು ಬ್ಯಾಡಾಗಿದ್ರ, ಆಗ ಯಾಕ ಕಟ್ಟಾಕ ನಿಂತಿದ್ರಿ?'

ಸಿದ್ದಲಿಂಗವ್ವ ಕುರ್ಚಿಯಿಂದ ಇಳಿಯಲೆಂದು ತಲೆಯ ಮೇಲೆ ಅಡ್ಡವಿದ್ದ ದೀಪವನ್ನು ಕೈಯಿಂದ ಆಚೆ ನೂಕಿದಳು. ಇಳಿದವಳು ಹೋಗಲಿಲ್ಲ. ಈ ಪ್ರಶ್ನೆಯ ಉತ್ತರ ಅವಳಿಗೂ ಬೇಕಾಗಿತ್ತು.

'ಹೌದಲ್ರಿ,' ಎಂದಳು. 'ಯಾಕ್ರಿ?'

ಅಂದಾನಪ್ಪ ಹೇಳಲೆಂದು ಬಾಯಿ ತೆರೆದ. ನೂಕಿದ ದೀಪ ಅವನ ಮುಖಕ್ಕೇ ತಿರುಗಿತ್ತು. ಬೆಳಕು ನೆಟ್ಟಗೆ ಬಾಯೊಳಗೆ ಬಿತ್ತು. ತೆರೆದ ಬಾಯಿ ತೆರೆದೇ ಉಳಿಯಿತು. ಅವರಿಬ್ಬರೂ ತುಸು ಬಗ್ಗಿ, ಒಳಗೆ ಏನಿದೆಯೆಂದು ನೋಡುತ್ತ ನಿಂತರು.