ನೀಲತ್ತಿಗೆಯ ಹಸಿರು ಬಳೆ

ನೀಲತ್ತಿಗೆಯ ಹಸಿರು ಗಾಜಿನ ಬಳೆಗಳು ಅಡುಗೆಮನೆಯ ಮೊಳೆಯಲ್ಲಿ ತೂಗಿಕೊಂಡೇ ಇದ್ದವು. ಕೈಯ ಗೆಣ್ಣುಗಳೆಲ್ಲ ಬಾತು, ಬಳೆ ದಾಟುತ್ತಿರಲಿಲ್ಲ. ತಾಯಿಯಿಲ್ಲದ ನನಗೆ ತುತ್ತು ಕಲಸಿಕೊಟ್ಟ ಕೈ ಅದು. ನಾನು ಔಷಧ ಪ್ರಯೋಗಾಲಯ ಸೇರಿ, ಬಾವು ಇಳಿಸುವ ಹೊಸ ಸಂಯುಕ್ತಗಳನ್ನು ತಯಾರಿಸತೊಡಗಿದ್ದು ಆ ಕೈಗಾಗಿಯೇ.

ವರ್ಷಗಟ್ಟಲೆ ಮಾಡಿದ್ದೆಲ್ಲ ನೀರುಪಾಲಾಯಿತು. ಒಂದು ಸಂಯುಕ್ತ ಬಾವು ಇಳಿಸಿದರೆ ಇಲಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತಿತ್ತು. ಇನ್ನೊಂದು ಬಲು ಸಾಧು. ಯಾರಿಗೂ ಕೇಡು ಮಾಡಲಿಲ್ಲ, ಊತಕ್ಕೂ ಮಾಡಲಿಲ್ಲ. ಕೊನೆಗೊಂದು ಎಲ್ಲ ಪರೀಕ್ಷೆಗಳನ್ನೂ ದಾಟಿ ರೋಗಿಗಳವರೆಗೆ ಬಂತು. ಆ ಪ್ರಯೋಗ ನಡೆಸುತ್ತಿದ್ದ ಡಾಕ್ಟರ್ ಜಯಶೀಲರು ಅತ್ತಿಗೆಯನ್ನೂ ಸೇರಿಸಿಕೊಂಡರು. ಅರ್ಧ ಜನಕ್ಕೆ ಮದ್ದು, ಉಳಿದವರಿಗೆ ನೋಡಲು ಅದರಂತೆಯೇ ಇರುವ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಪ್ರಯೋಗ ಮುಗಿಯುವ ತನಕ ಜಯಶೀಲರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೊಳೆ ಖಾಲಿಯಿತ್ತು. ಅತ್ತಿಗೆ ಬಳೆ ಸದ್ದು ಮಾಡಿಕೊಂಡು ಕಾಫಿ ತಂದಿಟ್ಟರು.

"ನಿನ್ನ ಮಾತ್ರೆ ಕಣೋ. ನೋವು ಎಲ್ಲಿಗೆ ಹೋಯ್ತೋ ಗೊತ್ತೇ ಆಗ್ಲಿಲ್ಲ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜಯಶೀಲರ ಮುಂದೆಯೂ ಅತ್ತಿಗೆ ಅದನ್ನೇ ಹೇಳಿ ಬಂದರು.

ಪ್ರಯೋಗ ಮುಗಿದ ಮೇಲೆ ಜಯಶೀಲರು ನನ್ನನ್ನು ಕರೆದು ಕೂರಿಸಿದರು. "ಮದ್ದು ತಗೊಂಡವರಲ್ಲಿ ಹೆಚ್ಚಿನವರಿಗೆ ಬಾವು ಇಳಿದಿದೆ. ಆದರೆ ನಿಮ್ಮ ಅತ್ತಿಗೆಗೆ ಸಿಕ್ಕಿದ್ದು ಹಿಟ್ಟಿನ ಮಾತ್ರೆ."

ಮನೆಗೆ ಹೋಗಿ ಅತ್ತಿಗೆಯ ಕೈ ಹಿಡಿದು ನೋಡಿದೆ. ಬಾವು ಇದ್ದ ಹಾಗೇ ಇತ್ತು.

"ಬಳೆ ಹೇಗೆ ಏರಿತು ಅತ್ತಿಗೆ?"

"ಸೋಪು ಹಚ್ಕೊಂಡೆ, ಹಲ್ಲು ಕಚ್ಕೊಂಡು ಒತ್ತಿದೆ," ಎಂದರು. "ಈಗ ತೆಗೆಯೋಕೂ ಬರ್ತಿಲ್ಲ. ದಿನಾ ಮುಖ ಸಣ್ಣ ಮಾಡ್ಕೊಂಡು ಮನೆಗೆ ಬರ್ತಿದ್ದೆಯಲ್ಲೋ, ನನ್ನ ಕೈಲಿ ನೋಡೋಕಾಗ್ಲಿಲ್ಲ."

"ನಿಮಗೆ ಸಿಕ್ಕಿದ್ದು ಬರೀ ಹಿಟ್ಟಿನ ಮಾತ್ರೆ ಅತ್ತಿಗೆ. ಎಲ್ಲರೂ ನಿಮ್ಮ ಹಾಗೇ ಹೇಳಿದ್ರೆ ಹಿಟ್ಟೇ ಮದ್ದು ಅಂತ ಆಗ್ತದೆ."

ಅವರ ಮುಖ ಬಾಡಿತು. "ಹಾಗಾದ್ರೆ ನಿನ್ನ ಕೆಲಸ ನಾನೇ ಕೆಡಿಸಿಬಿಟ್ನಾ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಬ್ಬರ ಮಾತಿನಿಂದ ಎಲ್ಲವೂ ಕೆಡುವುದಿಲ್ಲವೆಂದು ಸಮಾಧಾನ ಮಾಡಿದೆ. ಅವರ ನೋವು ಇಳಿದೇ ಇರಲಿಲ್ಲವೆಂಬ ನಿಜವನ್ನು ಜಯಶೀಲರಿಗೆ ತಿಳಿಸಿದೆ. ಮುಂದೆ ಅತ್ತಿಗೆಗೂ ನಿಜವಾದ ಮದ್ದು ಶುರುವಾಯಿತು. "ಹೇಗಿದೆ?" ಎಂದು ಕೇಳಲು ಮಾತ್ರ ನನಗೆ ಧೈರ್ಯವಾಗಲಿಲ್ಲ.

ಒಂದು ದಿನ ಅವರೇ ಅಡುಗೆಮನೆಗೆ ಕರೆದರು. ಸೋಪಿಲ್ಲ, ಎಣ್ಣೆಯಿಲ್ಲ. ಒಂದೊಂದೇ ಬಳೆ ಕಳಚಿ ಮೊಳೆಗೆ ಹಾಕಿದರು.

"ಕಿರುಬೆರಳು ಇನ್ನೂ ನೋಯ್ತದೆ ಕಣೋ. ಅದನ್ನೂ ಹೇಳು ನಿಮ್ಮ ಡಾಕ್ಟರಿಗೆ," ಎಂದರು. ಆಮೇಲೆ ಬರಿಗೈಯಲ್ಲಿ ಇರಬಾರದೆಂದು, ಮೊಳೆಯಿಂದ ಬಳೆಗಳನ್ನು ತೆಗೆದು ಮತ್ತೆ ಕೈಗೇರಿಸಿಕೊಂಡರು.